ಕೊಂಡಿ

ಇಳಕಲ್ಲ ಸರಕಾರಿ ದವಾಖಾನಿ ಮುಂದ
ಕೆಂಪ ಕಲ್ಲಿನ ಕಟ್ಟಿ.
ಬ್ಯಾಸಗ್ಯಾಗೂ ಮುಂಜಾನಿ ತಣ್ಣಗ.
ಅದರ ಮ್ಯಾಲೆ ಏಳ ಸಲ ಕುಂತೀನಿ
ತಾಯಿ ಕಾರ್ಡು ಉಡಿಯಾಗ ಇಟಗೊಂಡು.

"ಏನ ಕೆಲಸ ಮಾಡ್ತಿ?" ಅಂದ್ರು ಗುಲಶನ್ ಸಿಸ್ಟರು,
ಬೆರಳಿಗೆ ಸೂಜಿ ಚುಚ್ಚಿ, ಆ ಕಡೆ ಹೊಳ್ಳಿ ಕೆಮ್ಮಿ.
"ಕೊಂಡಿ ಹಾಕ್ತೀನ್ರಿ.
ಸೀರಿ ಒಡಲಿನ ಹಾಸಿಗೆ ಸೆರಗಿನ ಹಾಸು ಕೂಡಸೂದು."
"ಕುಣಿಮಗ್ಗದಾಗ ಕಾಲ ಇಳಿಬಿಟ್ಟ?"
"ಅದು ಅವರ ಕೆಲಸರಿ. ನಂದು ನೆಲದ ಮ್ಯಾಲೆ."
ರಕ್ತ ಎಂಟೂವರಿ ಅಂತ ಬರದು
ಕೆಳಗ ಎರಡ ಗೆರಿ ಎಳದ್ರು.
ಗುಳಿಗಿ ಚಾದ ಜೋಡಿ ನುಂಗಬ್ಯಾಡ,
ನಿಂಬಿಹಣ್ಣಿನ ನೀರಾಗ ನುಂಗು ಅಂದ್ರು.

ಹೊರಗ ಬಂದ ಮ್ಯಾಲೆ ನಮ್ಮತ್ತಿ:
"ನಾವೂ ಐದ ಹಡದೇವಿ.
ಯಾವ ಗುಳಿಗಿ, ಯಾವ ಕಾರ್ಡು?"
ಆದರ ಸಂತ್ಯಾಗ ನಿಂಬಿಹಣ್ಣ ಆಕೀನ ಆರಿಸಿದಳು,
ಒಂದೊಂದ ಮೂಸಿ.

ಹಡದದ್ದು ನಡುರಾತ್ರಿ.
ಕರೆಂಟು ಹೋಗೂದು ಬರೂದು ಮಾಡತಿತ್ತು.
ಹುರಿ ಕತ್ತರಸೂಕಿಂತ ಮೊದಲ
ಒರಸಿ ನನ್ನ ಎದಿ ಮ್ಯಾಲೆ ಇಟ್ರು.
ಹಸಿ. ಬಿಸಿ. ಹೆಣ್ಣ.
ಬಣ್ಣದ ಬಾನ್ಯಾಗಿಂದ ಈಗರ ತಗದ ಲಡಿಯಂಗ.

ಕೂಸು ನೆಕ್ಕಿತು, ಬಿಟ್ಟಿತು. ಹಿಡೀಲಿಲ್ಲ.
ವಾರ್ಡಿಗೆ ಬಂದ ಮ್ಯಾಲೂ ಹಿಡೀಲಿಲ್ಲ.
ಅತ್ತಿ ಚೀಲದಾಗಿಂದ ಜೇನಿನ ಬಾಟ್ಲಿ ತಗದಳು,
ಅರಳಿ ಹೊಸದು ಬತ್ತಿ ಮಾಡಿದಳು.
"ಹಳದಿ ಹಾಲ ಅದು, ಕೆಟ್ಟದ್ದು.
ಮೂರ ದಿನ ಹಿಂಡಿ ಚೆಲ್ಲು."

ಸಿಸ್ಟರು ಬೈಲಿಲ್ಲ. ಕಾಟಿನ ಅಂಚಿಗೆ ಕುಂತ್ರು,
ಚಪ್ಪಲಿ ಬಿಟ್ಟು ಕಾಲ ಚಾಚಿ.
"ಯವ್ವಾ, ಆಕಳ ಈದರ ಮೊದಲಿನ ಹಾಲ ಏನ ಮಾಡ್ತೀರಿ?"
"ಗಿಣ್ಣ ಕಾಸ್ತೇವಿ. ಬೆಲ್ಲ, ಯಾಲಕ್ಕಿ."
"ಚೆಲ್ಲೂದಿಲ್ಲ?"
"ಚೆಲ್ಲತಾರೇನ ಯಾರರ? ಓಣಿಗೆಲ್ಲ ಹಂಚತೇವಿ."
"ಕರಕ್ಕ?"
"ಅದರ ಪಾಲ ಮೊದಲ."

ಅಂದು, ಅತ್ತಿ ಸುಮ್ಮನಾದಳು.
ಆಚೀ ಕಾಟಿನಾಕಿ ನಿದ್ದಿಗಣ್ಣಾಗ ಮಗ್ಗಲಾದಳು.
"ನನ್ನ ಮೊದಲನೇದೂ ಹೆಣ್ಣ,"
ಬಾಟ್ಲಿ ಮುಚ್ಚಳ ತಿರುವಿಕೋತ ಅಂದಳು.
"ಮೂರ ದಿನ ಬತ್ತಿ ಚೀಪಿತ್ತು."
ನಾಕನೇ ದಿನದ್ದು ಆಕಿ ಹೇಳಲಿಲ್ಲ.
ನಾವು ಕೇಳಲಿಲ್ಲ.
ಆ ಐದರ ಲೆಕ್ಕದಾಗ ಆ ಕೂಸು ಇತ್ತೋ, ಇಲ್ಲೋ.

ಸಿಸ್ಟರು ನನ್ನ ಬೆನ್ನಿಗೆ ದಿಂಬ ಕೊಟ್ಟು,
"ನೀ ಬಗ್ಗಬ್ಯಾಡ. ಕೂಸಿನ್ನ ನಿನ್ನ ಕಡೆ ತಾ.
ಮೂಗು ತೊಟ್ಟಿಗೆ ಎದುರಾಗಲಿ. ತುಟಿಗೆ ಸವರು. ಕಾಯಿ.
ಆಕಳಿಸಿದಂಗ ಬಾಯಿ ತೆರೀತೈತಿ, ಆಗ.
ಬರೇ ತೊಟ್ಟಲ್ಲ, ಸುತ್ತಿನ ಕಪ್ಪೂ ಬಾಯಾಗ ಹೋಗಬೇಕು.
ನಿನಗ ನಾ ಏನ ಕಲಸಲಿ? ಕೊಂಡಿ ಹಾಕಾಕಿ ನೀ.
ಎಳೀನ ಜಗ್ಗತೀಯೇನ?"

"ಇಲ್ಲರಿ. ಜಗ್ಗಿದರ ಹರೀತೈತಿ.
ಸಡಿಲ ಬಿಡಬೇಕು.
ಒಂದರ ಸುರುಳ್ಯಾಗ ಇನ್ನೊಂದು ತಾನ ಕುಂದರಬೇಕು."

"ಹಂಗ."

ಮೂರ ಸಲ ಜಾರಿತು.
ಒಂದ ಸಲ ಕಚ್ಚಿದ್ದು ಚುರ್ ಅಂದು ಅತ್ತೆ.
ಬಾಯಿ ಮೂಲ್ಯಾಗ ಕಿರಿಬೆರಳ ಇಟ್ಟು ಮೆಲ್ಲಕ ಬಿಡಿಸಿ
ಮತ್ತ ಮೊದಲಿಂದ ಹಚ್ಚಿದ್ರು, ಗಡಿಯಾರ ನೋಡದ.
ನಾಕನೇ ಸಲ ಗಲ್ಲ ಉಬ್ಬಿತು. ಕಿವಿ ಅಲುಗಿತು.
ಗುಟುಕ್ ಅಂತ ಒಂದ ಸಪ್ಪಳ.
ಕೇಳಿದ್ಯಾ ಅಂತ ನಾನು ಅತ್ತಿ ಕಡೆ ನೋಡಿದೆ.
ಆಕಿ ಕೇಳಿದ್ದಳು.

"ಇಷ್ಟ ಸಾಕೇನ್ರಿ? ಚಮಚಾನೂ ಇಲ್ಲ."
"ಅದರ ಹೊಟ್ಟಿ ಎಷ್ಟು? ಬಾರಿಹಣ್ಣಿನಷ್ಟ."

ಮುಂಜಾನಿ ಆ ಜೇನಿನ ಬಾಟ್ಲಿ
ಅತ್ತಿ ಸಿಸ್ಟರಿನ ಟೇಬಲ್ಲಿನ ಮ್ಯಾಲೆ ಇಟ್ಟಳು.
"ನಿಮ್ಮ ಕೆಮ್ಮಿಗೆ."

ಈಗ ಎಳಿ ಹಿಡಕೊಂಡು ಕುಂತಾಗ
ಒಳಗ ಆಕಿ ಅತ್ತರ
ಕಾಲ ಏಳೂಕಿಂತ ಮೊದಲ ಎದಿ ಏಳತೈತಿ.
ನಿನ್ನಿ ಒಂದ ಹನಿ ರೇಶಿಮಿ ಹಾಸಿನ ಮ್ಯಾಲೆ ಬಿತ್ತು.
ಒರಸಿದೆ. ಉಳೀತು, ಸಾಸಿವಿಯಷ್ಟ.
ಸಾವಕಾರ ಸೀರಿ ಒಯ್ಯಾಕ ಬಂದಾಗ
ಅತ್ತಿ ಆ ಜಾಗ ಒಳಗ ಮಾಡಿ ಮಡಿಚಿ ಕೊಡತಾಳ,
ನನಗ ಗೊತ್ತೈತಿ.
ಯಾವ ಊರಾಗ ಯಾರ ಉಡತಾರೋ ಅದನ್ನ,
ಒಡಲಿಗೆ ಸೆರಗು ಕೂಡೂ ಜಾಗದಾಗ.